ಮೇಲಕ್ಕೆ ಹಿಡಿದ ಲೆನ್ಸು, ಕೆಳಗಿನವರ ಅನುಮಾನ

ಹಾಸನದ ಯಾವ ಬಡಾವಣೆಯೇ ಆಗಲಿ, ಸಂಜೆ ಏಳರ ಹೊತ್ತಿಗೆ ಒಬ್ಬ ಹುಡುಗ ತಾರಸಿ ಹತ್ತಿ, ಮೂರು ಕಾಲಿನ ಸ್ಟ್ಯಾಂಡು ಊರಿ, ಮೊಳದುದ್ದದ ಲೆನ್ಸು ಸಿಕ್ಕಿಸಿದ ಕ್ಯಾಮೆರಾ ಹಿಡಿದು ನಿಂತರೆ ಮುಂದೇನಾಗುತ್ತದೆ ಅನ್ನೋದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲು ಪಕ್ಕದ ಮನೆ ಕಿಟಕಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎದುರು ಮನೆಯ ಯಜಮಾನರು ಗೇಟಿಗೆ ಬರುತ್ತಾರೆ. "ಏನಪ್ಪಾ, ಯಾರ ಮನೆ ಫೋಟೋ ತೆಗೀತಿದ್ದೀಯ?" ಹುಡುಗ ಹೆದರಿಕೊಂಡು "ಸ್ಪೇಸ್ ಸ್ಟೇಷನ್ ಬರುತ್ತೆ ಅಂಕಲ್, ಏಳು ಹನ್ನೆರಡಕ್ಕೆ" ಅಂದನೋ, ಕೆಟ್ಟ. ಅನುಮಾನ ಹೋಗುವುದಿರಲಿ, ಇನ್ನೂ ಬಲಿಯುತ್ತದೆ. ಬಸ್ಸೇ ಟೈಮಿಗೆ ಬಾರದ ಊರಿನಲ್ಲಿ ಆಕಾಶದ ಗಾಡಿಯೊಂದು ಏಳು ಹನ್ನೆರಡಕ್ಕೆ ಬರುತ್ತದೆ ಅಂದರೆ ಯಾರು ನಂಬುತ್ತಾರೆ?

ಆದರೆ ಬರುತ್ತದೆ. ನಿಮಿಷ ತಪ್ಪದೆ ಬರುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಹಾಸನದಿಂದ ಬೆಂಗಳೂರಿಗೆ ಹೋಗಿ ವಾಪಸ್ಸು ಬಂದರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜಾಸ್ತಿ. ಬೇಲೂರಿಗೆ ಬಸ್ಸು ಒಂದು ಗಂಟೆ ತೆಗೆದುಕೊಂಡರೆ ಇದಕ್ಕೆ ಐದಾರು ಸೆಕೆಂಡು ಸಾಕು. ಸೂರ್ಯ ಮುಳುಗಿದ ಮೇಲೆ ಒಂದೆರಡು ಗಂಟೆ, ಹುಟ್ಟುವ ಮೊದಲು ಒಂದೆರಡು ಗಂಟೆ, ಇಷ್ಟರಲ್ಲೇ ಕಾಣಬೇಕು. ಯಾಕೆಂದರೆ ಅದಕ್ಕೆ ಸ್ವಂತ ದೀಪದ ಬೆಳಕಿಲ್ಲ. ನೆಲದ ಮೇಲೆ ಕತ್ತಲಾಗಿದ್ದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲು ಅದರ ಮೈಮೇಲೆ ಬಿದ್ದು ಹೊಳೆಯುತ್ತದೆ. ಸದ್ದಿಲ್ಲ, ಮಿಣುಕು ದೀಪವಿಲ್ಲ. ಪಡುವಣದ ಕಡೆಯಿಂದ ಎದ್ದು, ನಾಲ್ಕೈದು ನಿಮಿಷ ಆಕಾಶ ದಾಟಿ, ಎಷ್ಟೋ ಸಲ ನಡು ಆಕಾಶದಲ್ಲೇ ಊದಿ ಆರಿಸಿದ ಹಾಗೆ ಮಾಯವಾಗುತ್ತದೆ. ಭೂಮಿಯ ನೆರಳಿಗೆ ಹೊಕ್ಕಿತು ಅಂತ ಅರ್ಥ. ಇದನ್ನು ನೋಡಲು ಊರಾಚೆ ಕತ್ತಲಿಗೆ ಹೋಗಬೇಕಾಗಿಲ್ಲ. ಅಂಗಡಿ ಶಟರ್ ಅರ್ಧ ಎಳೆದು ರಸ್ತೆಗೆ ಬಂದು ನಿಂತರೂ ಕಾಣುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ಕತ್ತೆತ್ತಿದರೂ ಕಾಣುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಎಂಬುದನ್ನು ನಾಸಾದವರೇ ಮೊಬೈಲಿಗೆ ಕೊಡುತ್ತಾರೆ.

ಬರಿಗಣ್ಣಿಗೆ ಅದು ಚುಕ್ಕೆ. ಲೆನ್ಸಿಗೆ ಚುಕ್ಕೆಯಲ್ಲ, ಹುಡುಗರಿಗೆ ಹುಚ್ಚು ಹಿಡಿಸುವುದು ಅದೇ. ನಿಲ್ದಾಣದ ಒಂದು ತುದಿಯಿಂದ ಇನ್ನೊಂದು ತುದಿಗೆ 109 ಮೀಟರ್. ನೆತ್ತಿಯ ಮೇಲೆ ಹಾದುಹೋಗುವಾಗ ಅದರ ಅಗಲ ಹುಣ್ಣಿಮೆ ಚಂದ್ರನ ಅಗಲದ ಮೂವತ್ತನೇ ಒಂದು ಭಾಗ. 600 ಮಿಲಿಮೀಟರ್ ಲೆನ್ಸಿನಲ್ಲಿ ಸೆರೆ ಹಿಡಿದರೆ ಚಿತ್ರ ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಆದರೆ ಹಿಗ್ಗಿಸಿ ನೋಡಿದರೆ ನಡುವೆ ದೇಹ, ಎರಡು ಕಡೆ ಬಿಸಿಲು ಹೀರುವ ರೆಕ್ಕೆ ಬಿಡಿಸಿ ಕಾಣುತ್ತವೆ. ಅದಕ್ಕೆ ಪಡುವ ಪಾಡು ಮಾತ್ರ ಸಣ್ಣದಲ್ಲ. ಕ್ಯಾಮೆರಾದ ತಾನೇ ಫೋಕಸ್ ಮಾಡುವ ಸೌಕರ್ಯ ಇಲ್ಲಿ ಕೈಕೊಡುತ್ತದೆ. ಮೊದಲೇ ಚಂದ್ರನ ಅಂಚಿಗೋ ಒಂದು ಪ್ರಕಾಶದ ನಕ್ಷತ್ರಕ್ಕೋ ಫೋಕಸ್ ಕೂರಿಸಿ, ಉಂಗುರ ಅಲ್ಲಾಡದ ಹಾಗೆ ಟೇಪು ಸುತ್ತಬೇಕು. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ, ಇಲ್ಲ ಅದಕ್ಕಿಂತ ಚುರುಕಾಗಿ ಇಡಬೇಕು. ಹಗಲೆಲ್ಲ ಕಾದ ತಾರಸಿಯ ಬಿಸಿಗಾಳಿ ಚಿತ್ರವನ್ನು ಕಲಸಿಬಿಡುತ್ತದೆ, ಅದಕ್ಕೇ ಸಂಜೆಗಿಂತ ಬೆಳಗಿನ ಜಾವ ವಾಸಿ. ನೂರಿನ್ನೂರು ಚಿತ್ರ ಹೊಡೆದರೆ ನಾಲ್ಕೈದು ದಕ್ಕಬಹುದು. ದಕ್ಕದೆ ಇದ್ದರೂ ಕೇಳುವವರಿಲ್ಲ.

ಇಷ್ಟು ಕೇಳಿದ ಮೇಲೆ ಗಲ್ಲಾಪೆಟ್ಟಿಗೆ ಹಿಂದೆ ಕೂತವರು ಒಂದು ಪ್ರಶ್ನೆ ಹಾಕೇ ಹಾಕುತ್ತಾರೆ. "ಅಲ್ಲ ಸ್ವಾಮಿ, ಅಮೆರಿಕದವರೇ ಬೇಕಾದಷ್ಟು ಚೆಂದದ ಫೋಟೋ ಬಿಟ್ಟಿಯಾಗಿ ಕೊಡ್ತಾರಲ್ಲ, ಈ ಹುಡುಗ ತೆಗೆದ ಅಕ್ಕಿಕಾಳು ಯಾರಿಗೆ ಬೇಕು?" ವ್ಯಾಪಾರಸ್ಥರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ 2003ರಲ್ಲಿದೆ.

ಆ ವರ್ಷ ಜನವರಿ 16ಕ್ಕೆ ಕೊಲಂಬಿಯಾ ನೌಕೆ ಏಳು ಜನರನ್ನು ಹೊತ್ತು ಮೇಲೆ ಹೋಯಿತು. ಏಳು ಜನರಲ್ಲಿ ಒಬ್ಬರು ಹರಿಯಾಣದ ಕರ್ನಾಲಿನ ಹೆಣ್ಣುಮಗಳು ಕಲ್ಪನಾ ಚಾವ್ಲಾ. ಹಾರಿ ಎಂಬತ್ತೆರಡು ಸೆಕೆಂಡ್ ಆಗುವ ಹೊತ್ತಿಗೆ ಇಂಧನದ ದೊಡ್ಡ ಟ್ಯಾಂಕಿಗೆ ಮೆತ್ತಿದ್ದ ನೊರೆಯಂಥ ಹೊದಿಕೆಯ ಒಂದು ತುಂಡು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ತುಂಡಿನ ತೂಕ ಮುಕ್ಕಾಲು ಕೆ.ಜಿ. ಬಡಿದ ವೇಗ ಗಂಟೆಗೆ ಎಂಟುನೂರು ಕಿಲೋಮೀಟರ್ ಆಸುಪಾಸು. ಇದು ಗುಟ್ಟಾಗಿಯೇನೂ ಉಳಿಯಲಿಲ್ಲ. ಮಾರನೇ ದಿನ ಉಡಾವಣೆಯ ಫಿಲ್ಮು ನೋಡುವಾಗಲೇ ಗೊತ್ತಾಯಿತು. ಆದರೆ ಏಟು ಎಷ್ಟು ಬಿದ್ದಿದೆ ಅನ್ನೋದು ಸ್ಪಷ್ಟವಾಗಲಿಲ್ಲ, ಯಾಕೆಂದರೆ ಸರಿಯಾದ ಜಾಗದಲ್ಲಿದ್ದ ಒಂದು ಕ್ಯಾಮೆರಾ ಅವತ್ತು ಫೋಕಸ್ ತಪ್ಪಿತ್ತು. ಕೋಟಿಗಟ್ಟಲೆ ಡಾಲರಿನ ಏರ್ಪಾಡಿನಲ್ಲೂ ಹೀಗಾಗುತ್ತದೆ, ಮದುವೆ ಮನೆಯಲ್ಲಿ ಧಾರೆ ಹೊತ್ತಿನ ಫೋಟೋ ಮಸುಕಾದ ಹಾಗೆ.

ನಾಸಾದ ಕೆಲವು ಇಂಜಿನಿಯರುಗಳಿಗೆ ನಿದ್ದೆ ಬರಲಿಲ್ಲ. ನೌಕೆ ಹದಿನಾರು ದಿನ ತಲೆಯ ಮೇಲೆ ಸುತ್ತುತ್ತಾ ಇರುತ್ತದೆ. ಮಿಲಿಟರಿಯವರ ಹತ್ತಿರ ದೊಡ್ಡ ದೂರದರ್ಶಕಗಳಿವೆ, ಬೇಹು ಉಪಗ್ರಹಗಳಿವೆ. ಅವರಿಗೆ ಹೇಳಿ ಆ ರೆಕ್ಕೆಯ ಒಂದು ಫೋಟೋ ತೆಗೆಸಿ ಎಂದು ಕೇಳಿದರು. ಒಂದು ಸಲವಲ್ಲ, ಮೂರು ಬೇರೆ ಬೇರೆ ದಾರಿಯಿಂದ ಕೇಳಿಕೆ ಹೋಯಿತು. ಮೇಲಿನವರು ತಳ್ಳಿಹಾಕಿದರು. ಕೇಳಿಕೆ ಸರಿಯಾದ ಮಾರ್ಗದಲ್ಲಿ ಬಂದಿಲ್ಲ ಎಂಬ ತಕರಾರು. ಏಟು ಅಂಥ ದೊಡ್ಡದಲ್ಲ ಎಂಬ ಸಮಾಧಾನ. ಬಿದ್ದಿದ್ದರೂ ಈಗ ಮಾಡುವಂಥದ್ದೇನಿದೆ ಎಂಬ ಮಾತು ಬೇರೆ. ಯಾವ ತಾಲ್ಲೂಕು ಕಚೇರಿಯಲ್ಲಿ ಕೇಳಿದ ಮಾತಿನ ಹಾಗಿದೆ ಇದು! ಫೈಲು ಅಲ್ಲಿಗೂ ಒಂದೇ, ಇಲ್ಲಿಗೂ ಒಂದೇ.

ಫೆಬ್ರವರಿ 1ರ ಬೆಳಿಗ್ಗೆ ವಾಪಸ್ಸು ಇಳಿಯುವಾಗ, ನೆಲ ಮುಟ್ಟಲು ಇನ್ನು ಹದಿನಾರು ನಿಮಿಷ ಇದೆ ಅನ್ನುವಾಗ, ಟೆಕ್ಸಾಸ್ ಮೇಲೆ ನೌಕೆ ಚೂರುಚೂರಾಯಿತು. ಏಳು ಜನರೂ ಹೋದರು. ಆಮೇಲೆ ಜುಲೈ ತಿಂಗಳಲ್ಲಿ ಅಂಥದೇ ರೆಕ್ಕೆಯ ಭಾಗಕ್ಕೆ ಅಂಥದೇ ನೊರೆಯ ತುಂಡನ್ನು ಹೊಡೆದು ಪರೀಕ್ಷೆ ಮಾಡಿದರು. ಸುಮಾರು ಹದಿನಾರು ಇಂಚಿನ ತೂತು ಬಿತ್ತು. ಮನುಷ್ಯನ ತಲೆ ತೂರುವಷ್ಟು. ಸಕಾಲಕ್ಕೆ ಗೊತ್ತಾಗಿದ್ದರೆ ಅಟ್ಲಾಂಟಿಸ್ ನೌಕೆಯನ್ನು ತರಾತುರಿಯಲ್ಲಿ ಕಳಿಸಿ ಆ ಏಳು ಜನರನ್ನು ಇಳಿಸಿಕೊಂಡು ಬರುವ ಯತ್ನ ಮಾಡಬಹುದಿತ್ತು. ಬಲು ಕಷ್ಟ, ಬಲು ಅಪಾಯ, ಆದರೆ ಆಗದ ಮಾತಲ್ಲ ಎಂದು ತನಿಖಾ ಮಂಡಳಿ ಅದೇ ವರ್ಷದ ಆಗಸ್ಟಿನ ವರದಿಯಲ್ಲಿ ಬರೆಯಿತು.

ಇಲ್ಲೇ ಸಾಮಾನ್ಯರ ಕ್ಯಾಮೆರಾ ಬರುತ್ತದೆ. ನ್ಯೂ ಮೆಕ್ಸಿಕೋದ ವಾಯುಪಡೆ ನೆಲೆಯೊಂದರ ಕೆಲವು ಇಂಜಿನಿಯರುಗಳು ಆ ಬೆಳಿಗ್ಗೆ, ಯಾರೂ ಹೇಳದೆ, ತಮ್ಮ ಬಿಡುವಿನ ಹೊತ್ತಿನಲ್ಲಿ, ಅಂಗಡಿಯಲ್ಲಿ ಸಿಗುವ ಮೂರೂವರೆ ಇಂಚಿನ ದೂರದರ್ಶಕವನ್ನು ಒಂದು ಓಬಿರಾಯನ ಕಾಲದ ಮ್ಯಾಕಿಂಟಾಷ್ ಕಂಪ್ಯೂಟರಿಗೆ ತಗುಲಿಸಿ, ಇಳಿಯುತ್ತಿದ್ದ ಕೊಲಂಬಿಯಾದ ಚಿತ್ರ ಹಿಡಿದರು. ಕಪ್ಪು ನೆರಳಿನ ಹಾಗಿರುವ ಚಿತ್ರ. ಎಡ ರೆಕ್ಕೆಯ ಮುಂದಿನ ಅಂಚು ನೆಟ್ಟಗಿಲ್ಲವೇನೋ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದಿಂದ ಈಚೆಗೆ, ಹಾದಿಯುದ್ದಕ್ಕೂ ಮನೆ ಮುಂದೆ, ರಸ್ತೆ ಪಕ್ಕ, ಹಿತ್ತಲಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಜನ ಬೇರೆ ಇದ್ದರು. ಅವರ ಸಾವಿರಾರು ಫೋಟೋ, ವಿಡಿಯೋ ತನಿಖೆಗೆ ಬಂದವು. ಟೆಕ್ಸಾಸ್ ತಲುಪುವುದಕ್ಕೆ ಎಷ್ಟೋ ಮೊದಲೇ, ಕ್ಯಾಲಿಫೋರ್ನಿಯಾದ ಮೇಲೆಯೇ ನೌಕೆಯಿಂದ ತುಂಡು ಉದುರಲು ಶುರುವಾಗಿತ್ತು ಅನ್ನೋದು ಗೊತ್ತಾದದ್ದು ಈ ಜನರ ಕ್ಯಾಮೆರಾದಿಂದ. ನಾಸಾ ಯಾವ ನಾಸಾ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು "ನಿಮ್ಮ ಹತ್ತಿರ ಇರೋ ಫೋಟೋ ಕಳಿಸಿ" ಅಂತ ಕೇಳಿಕೊಂಡಿತು.

ಸುಳ್ಳು ಆಸೆ ಹುಟ್ಟಿಸುವುದು ಬೇಡ. ಇನ್ನೂರೆಪ್ಪತ್ತು ಎಂಬತ್ತು ಕಿಲೋಮೀಟರ್ ಮೇಲಿದ್ದ ನೌಕೆಯ ಹದಿನಾರು ಇಂಚಿನ ತೂತು ಹವ್ಯಾಸಿಯ ಯಾವ ಲೆನ್ಸಿಗೂ ಕಾಣುತ್ತಿರಲಿಲ್ಲ. ಅದಕ್ಕೆ ಮಿಲಿಟರಿಯ ಉಪಕರಣವೇ ಬೇಕಿತ್ತು. ಪ್ರಶ್ನೆ ತೂತಿನದಲ್ಲ, ನೋಡುವ ಅಭ್ಯಾಸದ್ದು. ನೌಕೆಯ ಧಣಿಗಳೇ ನೋಡಲು ಒಲ್ಲೆ ಅಂದಾಗ ಹೊರಗಿನ ಒಂದು ಕಣ್ಣು ಇರಬೇಕು. ಕಂಟ್ರಾಕ್ಟರೇ ಎಂ.ಬಿ. ಪುಸ್ತಕ ಬರೆದುಕೊಂಡರೆ ರಸ್ತೆ ಎಷ್ಟು ದಪ್ಪ ಇರುತ್ತದೆ ಅನ್ನೋದು ಹಾಸನ ಜಿಲ್ಲೆಯ ಬಸ್ ಪ್ರಯಾಣಿಕರಿಗೆ ಬೆನ್ನುಮೂಳೆಯಿಂದಲೇ ಗೊತ್ತು.

ಏಟು ಬಿದ್ದ ಮೇಲೆ ನಾಸಾ ಬುದ್ಧಿ ಕಲಿಯಿತು. 2005ರ ಜುಲೈನಲ್ಲಿ ಮತ್ತೆ ನೌಕೆ ಹಾರಿಸಿದಾಗ ಹೊಸ ಪದ್ಧತಿ ಶುರುವಾಯಿತು. ನಿಲ್ದಾಣದ ಹತ್ತಿರ ಬಂದ ನೌಕೆ ದೇವರ ಮುಂದೆ ಉರುಳು ಸೇವೆ ಮಾಡಿದ ಹಾಗೆ ನಿಧಾನವಾಗಿ ಒಂದು ಲಾಗ ಹಾಕಿ ಹೊಟ್ಟೆ ತೋರಿಸಬೇಕು. ನಿಲ್ದಾಣದಲ್ಲಿದ್ದವರು ಕಿಟಕಿಯಿಂದ 400 ಮತ್ತು 800 ಮಿಲಿಮೀಟರ್ ಲೆನ್ಸು ಹಿಡಿದು ಮೂಲೆಮೂಲೆಯ ಫೋಟೋ ತೆಗೆಯಬೇಕು. 800ನ್ನು ಬಿಡಿ, 400 ಅಂದರೆ ಸಕಲೇಶಪುರದ ಕಡೆ ಹಕ್ಕಿ ಫೋಟೋ ತೆಗೆಯಲು ಹೋಗುವವರ ಬ್ಯಾಗಿನಲ್ಲೂ ಇರುವಂಥ ಲೆನ್ಸು.

ನೆಲದ ಮೇಲಿನವರೂ ಸುಮ್ಮನಿರಲಿಲ್ಲ. ಫ್ರಾನ್ಸಿನ ಥಿಯೆರಿ ಲೆಗೋ ಅನ್ನುವ ಹವ್ಯಾಸಿ 2006ರ ಸೆಪ್ಟೆಂಬರಿನಲ್ಲಿ, ನಿಲ್ದಾಣದಿಂದ ಆಗ ತಾನೇ ಬಿಡಿಸಿಕೊಂಡ ಅಟ್ಲಾಂಟಿಸ್ ಮತ್ತು ನಿಲ್ದಾಣ ಎರಡೂ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಒಂದೇ ಚಿತ್ರದಲ್ಲಿ ಹಿಡಿದ. 2009ರ ಮೇ ತಿಂಗಳಲ್ಲಿ ಫ್ಲೋರಿಡಾಕ್ಕೆ ಹೋಗಿ, ಹಬಲ್ ದೂರದರ್ಶಕವನ್ನು ರಿಪೇರಿ ಮಾಡಲು ಹೊರಟಿದ್ದ ನೌಕೆಯನ್ನು ಹಬಲ್ ಜೊತೆಯಲ್ಲೇ ಸೂರ್ಯನ ಮುಂದೆ ಹಿಡಿದ. ಹಾದುಹೋದದ್ದು ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತು. ಕಣ್ಣು ಮಿಟುಕಿಸಿದರೆ ಮುಗಿಯಿತು. (ಸೂರ್ಯನ ಕಡೆ ಲೆನ್ಸು ಹಿಡಿಯುವವರು ಲೆನ್ಸಿನ ಬಾಯಿಗೆ ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಕಟ್ಟದೆ ಹೋದರೆ ಕ್ಯಾಮೆರಾ ಸುಡುತ್ತದೆ, ಕಣ್ಣಿಟ್ಟರೆ ಕಣ್ಣೂ ಸುಡುತ್ತದೆ. ಎಕ್ಸ್‌ರೇ ಫಿಲ್ಮು, ಬಣ್ಣದ ಕನ್ನಡಕ ಇವೆಲ್ಲ ನಡೆಯುವುದಿಲ್ಲ.)

ಇಷ್ಟಕ್ಕೂ ಈ ಕೆಲಸಕ್ಕೆ ಹಾಸನದಷ್ಟು ಹಕ್ಕಿರುವ ಊರು ರಾಜ್ಯದಲ್ಲಿ ಇನ್ನೊಂದಿಲ್ಲ. ಸಾಲಗಾಮೆ ರಸ್ತೆಯ ಎಂಸಿಎಫ್ ಬಂದದ್ದು 1982ರಲ್ಲಿ, ಮೊದಲ ಇನ್ಸಾಟ್ ಹಾರಿದ ವರ್ಷ. ಅಂದಿನಿಂದ ದೇಶದ ಟಿ.ವಿ., ಹವಾಮಾನ, ದೂರಸಂಪರ್ಕದ ಉಪಗ್ರಹಗಳ ಚುಕ್ಕಾಣಿ ಇರುವುದು ಈ ಊರಲ್ಲಿ. ಕೊಲಂಬಿಯಾ ಒಡೆದ ನಾಲ್ಕು ದಿನಕ್ಕೆ, ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಹಾರಿದ್ದ ಮೆಟ್‌ಸ್ಯಾಟ್ ಎಂಬ ಹವಾಮಾನ ಉಪಗ್ರಹಕ್ಕೆ ಪ್ರಧಾನಿ ವಾಜಪೇಯಿ ಕಲ್ಪನಾ-1 ಎಂದು ಹೆಸರಿಟ್ಟರು. ಆ ಕಲ್ಪನಾಳನ್ನು ನೋಡಿಕೊಂಡದ್ದು ಹಾಸನ. 2017ರಲ್ಲಿ ಕೆಲಸ ನಿಲ್ಲಿಸುವವರೆಗೂ ಮೋಡ ಎಲ್ಲಿದೆ, ಮಳೆ ಯಾವ ಕಡೆ ಅನ್ನುವ ಚಿತ್ರಗಳನ್ನು ಅದು ಕಳಿಸುತ್ತಿತ್ತು. ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮೂಟೆ ಎತ್ತುವವರಿಗೆ ಈ ವಿಷಯ ಎಷ್ಟು ಗೊತ್ತು? ಗೊತ್ತಿಲ್ಲದಿದ್ದರೆ ತಪ್ಪು ಅವರದಲ್ಲ. ಊರಿನವರ ಪಾಲಿಗೆ ಎಂಸಿಎಫ್ ಅಂದರೆ ಬಿಳಿ ಬಾಣಲೆಯಂಥ ದೊಡ್ಡ ಡಿಶ್ಶುಗಳು, ಕಾಂಪೌಂಡು, ಗೇಟು. ಡಿಶ್ಶು ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಏನಿದೆ ಅನ್ನೋದು ಕಂಡಿಲ್ಲ.

ಕಾಣಬಹುದು. ಆ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ದೂರ, ಬರಿಗಣ್ಣಿಗೆ ಸಿಗುವುದಿಲ್ಲ. ಆದರೆ ಭೂಮಿಯ ಜೊತೆಯಲ್ಲೇ ತಿರುಗುವುದರಿಂದ ಆಕಾಶದಲ್ಲಿ ಮೊಳೆ ಹೊಡೆದ ಹಾಗೆ ಒಂದೇ ಜಾಗದಲ್ಲಿ ಇರುತ್ತವೆ. ಹಾಸನದಿಂದ ನೋಡಿದರೆ ನೆತ್ತಿಯಿಂದ ಸ್ವಲ್ಪ ತೆಂಕಲಿಗೆ. ಊರ ದೀಪ ಬಿಟ್ಟು ನಾಲ್ಕು ಮೈಲಿ ಆಚೆ ಹೋಗಿ, 135 ಮಿಲಿಮೀಟರಿನ ಹಳೇ ಲೆನ್ಸನ್ನು ಅಲ್ಲಾಡದ ಸ್ಟ್ಯಾಂಡಿಗೆ ಕೂರಿಸಿ, ಶಟರ್ ಮೂವತ್ತು ಸೆಕೆಂಡು ತೆರೆದಿಟ್ಟರೆ ನಕ್ಷತ್ರಗಳೆಲ್ಲ ಗೀರು ಗೀರಾಗಿ ಬರುತ್ತವೆ, ಯಾಕೆಂದರೆ ಅವು ಸರಿಯುತ್ತವೆ. ಆ ಗೀರುಗಳ ನಡುವೆ ಸರಿಯದೆ ನಿಂತ ಚುಕ್ಕೆ ಕಂಡರೆ ಅದು ಉಪಗ್ರಹ. 74 ಮತ್ತು 83 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ ಭಾರತದವು ಇವೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಇನ್ನೂ ಒಂದು ಮಜಾ ಉಂಟು. ಆ ದಿನಗಳಲ್ಲಿ ನಡುರಾತ್ರಿ ಹೊತ್ತಿಗೆ ಈ ಉಪಗ್ರಹಗಳು ಭೂಮಿಯ ನೆರಳಿಗೆ ಬಿದ್ದು, ಹೆಚ್ಚೆಂದರೆ ಒಂದು ಗಂಟೆ ಹತ್ತು ನಿಮಿಷ ಕತ್ತಲಲ್ಲಿ ಬ್ಯಾಟರಿ ಮೇಲೆ ಬದುಕುತ್ತವೆ. ಎಂಸಿಎಫ್‌ನ ರಾತ್ರಿ ಪಾಳಿಯವರು ಒಳಗೆ ಕೂತು ಆ ಬ್ಯಾಟರಿ ಲೆಕ್ಕ ನೋಡುವಾಗ ಹೊರಗೆ ಹೊಲದಲ್ಲಿ ನಿಂತ ಹುಡುಗನ ಚಿತ್ರದಲ್ಲಿ ಅದೇ ಚುಕ್ಕೆ ಆರಿಹೋಗಿರುತ್ತದೆ. ಶಾಲೆಯಲ್ಲಿ ಗ್ರಹಣದ ಪಾಠ ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ?

ಸಾಮಾನು ಎಲ್ಲಿಂದ ತರೋಣ ಅನ್ನುವವರು ಊರಿನ ಸ್ಟುಡಿಯೋಗಳ ಕಡೆ ನೋಡಬೇಕು. ಮದುವೆ ಸುಗ್ಗಿ ನಂಬಿ ಸಾಲ ಮಾಡಿ ಕೊಂಡ ಟೆಲಿ ಲೆನ್ಸುಗಳು ಶೂನ್ಯ ಮಾಸದಲ್ಲಿ ಬೀರು ಸೇರಿ ಬೂಷ್ಟು ಹಿಡಿಯುತ್ತವೆ. ಆಷಾಢದಲ್ಲಿ ಮದುವೆಯೂ ಇಲ್ಲ, ಆಕಾಶವೂ ಇಲ್ಲ, ಎಲ್ಲ ಮೋಡ. 2025ರ ಜೂನ್ 26ಕ್ಕೆ ಶುಭಾಂಶು ಶುಕ್ಲಾ ನಿಲ್ದಾಣ ಸೇರಿದಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಸರುಕಾಳು, ಮೆಂತ್ಯದ ಬೀಜವೂ ಮೊಳಕೆ ಪ್ರಯೋಗಕ್ಕೆಂದು ಜೊತೆಗೆ ಹೋಗಿತ್ತು. ಕನ್ನಡ ನಾಡಿನ ಕಾಳು ತಲೆ ಮೇಲೆ ಸುತ್ತುತ್ತಿರುವಾಗ ಮಲೆನಾಡಿನ ಸೆರಗಿನ ಈ ಜಿಲ್ಲೆಗೆ ಮುಂಗಾರಿನ ಕಾಲ! ಆದರೆ ಧನುರ್ಮಾಸ ಹಾಗಲ್ಲ. ಆಗಲೂ ಮದುವೆ ಇಲ್ಲ, ಲೆನ್ಸು ಖಾಲಿ. ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಂಜು ಇಳಿಯದ ದಿನ ಸಿಕ್ಕಬೇಕು ಅಷ್ಟೆ. ಪೂಜೆಗೆಂದು ಊರು ಹೇಗೂ ಬೆಳಗಿನ ಜಾವಕ್ಕೆ ಎದ್ದಿರುತ್ತದೆ, ನಿಲ್ದಾಣ ಕಾಣುವ ಹೊತ್ತೂ ಅದೇ. ವರ್ಷಕ್ಕೊಂದು ಸಲ ಬಾಗಿಲು ತೆಗೆಯುವ ಹಾಸನಾಂಬೆಗೆ ತಾಸುಗಟ್ಟಲೆ ಕ್ಯೂ ನಿಲ್ಲುವ ಜನಕ್ಕೆ ಐದು ನಿಮಿಷ ಕತ್ತೆತ್ತಿ ನಿಲ್ಲುವುದು ಹೊಸದೇನಲ್ಲ.

ಇನ್ನು ಅನುಮಾನದ ಮಾತು. ಎದುರು ಮನೆ ಯಜಮಾನರನ್ನು ಪೂರ್ತಿ ಬೈಯುವ ಹಾಗಿಲ್ಲ. ತಾರಸಿ ಅಂದರೆ ಬಟ್ಟೆ ಒಣಗುವ ಜಾಗ, ಹೆಣ್ಣುಮಕ್ಕಳು ಓಡಾಡುವ ಜಾಗ. ಅಲ್ಲಿ ಉದ್ದ ಲೆನ್ಸು ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಲೆನ್ಸಿನ ದುರುಪಯೋಗ ಮಾಡುವ ಪುಂಡರೂ ಇದ್ದಾರೆ. ಎಂಸಿಎಫ್ ಕಾಂಪೌಂಡಿನ ಕಡೆ ಕ್ಯಾಮೆರಾ ತಿರುಗಿಸಿದರೆ ಕಾವಲಿನವರು ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ಆದರೆ ನೆಟ್ಟಗೆ ಮೇಲಕ್ಕೆ ಹಿಡಿದ ಲೆನ್ಸಿಗೂ ಅಡ್ಡಕ್ಕೆ ಹಿಡಿದ ಲೆನ್ಸಿಗೂ ವ್ಯತ್ಯಾಸ ತಿಳಿಯದಷ್ಟು ಊರು ಕುರುಡಾಗಬಾರದು. ಹುಡುಗರೂ ಗುಟ್ಟಾಗಿ ತಾರಸಿ ಹತ್ತುವ ಬದಲು ಪಕ್ಕದ ಮನೆ ಆಂಟಿಗೆ ಮೊದಲೇ "ಬನ್ನಿ, ನೀವೂ ನೋಡಿ" ಅಂದರೆ ಅರ್ಧ ರಗಳೆ ಅಲ್ಲಿಗೇ ಮುಗಿಯಿತು.

ಆಕಾಶ ನೋಡಿ ಬಲ್ಲವರು ಊರಿಗೆ ನಾಲ್ಕು ಜನವಾದರೂ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದು ಹಳಬರಿಗೆ ನೆನಪಿದೆ. 1979ರಲ್ಲಿ ಸ್ಕೈಲ್ಯಾಬ್ ಬೀಳುತ್ತದೆ ಅಂದಾಗ ಹಳ್ಳಿಗಳಲ್ಲಿ ಹೇಗೂ ಸಾಯುತ್ತೇವೆ ಅಂತ ಕೋಳಿ ಕೊಯ್ದು ಉಂಡವರ ಕತೆಗಳನ್ನು ಇವತ್ತಿಗೂ ಹೇಳುತ್ತಾರೆ. ಅದು ಜುಲೈ 11ಕ್ಕೆ ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯಾದ ಪಡುವಣ ಸೀಮೆಗೂ ಬಿತ್ತು. ಎಸ್ಪರೆನ್ಸ್ ಎಂಬ ಊರಿನ ಪುರಸಭೆ ಕಸ ಹಾಕಿದ್ದಕ್ಕೆ ಅಮೆರಿಕಕ್ಕೆ 400 ಡಾಲರ್ ದಂಡ ಹಾಕಿತು! ಹಾಸನಕ್ಕೆ ಅಂಥ ಯೋಗ ಬಂದಿಲ್ಲ. ಆದರೆ ದೂರದ ಮಾತೂ ಅಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಉಂಗುರ, ಚೆಂಡಿನಂಥ ಗುಂಡುಗಳು ಮೇಲಿನಿಂದ ಬಿದ್ದವು. ಉಲ್ಕೆ ಅಂದರು, ಇನ್ನೇನೋ ಅಂದರು. ಉರಿಯುತ್ತಾ ಹೋದದ್ದನ್ನು ಊರೂರಿನ ಜನ ಮೊಬೈಲಿನಲ್ಲಿ ಹಿಡಿದಿದ್ದರು. ಹೊತ್ತು, ದಿಕ್ಕು ತಾಳೆ ಹಾಕಿದ ತಜ್ಞರು ಅದು ಹಿಂದಿನ ವರ್ಷ ಹಾರಿದ ಚೀನಾ ರಾಕೆಟ್ಟಿನ ತುಂಡು ಎಂದು ಹೇಳಿದರು.

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ಧನುರ್ಮಾಸದಲ್ಲಿ ನಿಲ್ದಾಣ ನೆತ್ತಿ ಮೇಲೆ ಹಾಯುವ ನಾಲ್ಕು ದಿನ ಗೊತ್ತು ಮಾಡಿ, ಬೆಳಗಿನ ಜಾವ ಐದರಿಂದ ಆರರವರೆಗೆ ಜಿಲ್ಲಾ ಕ್ರೀಡಾಂಗಣದ ಬೀಗ ತೆಗೆಸಬೇಕು. ಹೈಮಾಸ್ಟ್ ದೀಪ ಒಂದು ಗಂಟೆ ಆರಿಸಬೇಕು. ಠಾಣೆಗೆ ಒಂದು ಸಾಲಿನ ಚೀಟಿ ಹೋಗಬೇಕು, ಬೀಟಿನ ಪೇದೆ ಬಂದು ಟಾರ್ಚು ಹಾಕದಿರಲಿ ಅಂತ. ಸ್ಟುಡಿಯೋದವರು ಲೆನ್ಸು ತರಲಿ, ಎಂಸಿಎಫ್‌ನಿಂದ ಒಬ್ಬರು ಬಂದು ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಲಿ. ಚಹಾ ಗಾಡಿಯವರು ಹೇಳದಿದ್ದರೂ ಬರುತ್ತಾರೆ.